ನಲವತ್ತೊಂದನೇ ಮನೆಯ ಪರದೆ

೭ ಜುಲೈ ೧೯೭೦, ಮಂಗಳವಾರ

ಗುಲಾಮ ದಸ್ತಗೀರನ ಕೆಲಸ ಹೋಯಿತು. ವಾಡಿ ಕಡೆಯ ಮಲೇರಿಯಾ ಕೆಲಸ ಅವನದು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು, ಯಾರಿಗಾದರೂ ಜ್ವರವೇ ಎಂದು ಕೇಳಬೇಕು, ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಗೆರೆ ಎಳೆದ ಚೌಕದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಆ ಪುಣ್ಯಾತ್ಮ ಒಂದೇ ಮುಂಜಾನೆಯಲ್ಲಿ ಇಡೀ ಓಣಿಗೆ ಮುಂದಿನ ಮೂರು ಸರದಿಯ ಸಹಿಯನ್ನೂ ಹಾಕಿ ಮಾವನ ಊರಿಗೆ ಹೋಗಿದ್ದನಂತೆ. ಡಾಕ್ಟರ್ ಸಾಹೇಬರು ಬಂದು ನೋಡುತ್ತಾರೆ, ಗೋಡೆಯ ಮೇಲೆ ಆಗಸ್ಟ್ ತಿಂಗಳ ತಾರೀಖು! ಅವತ್ತೇ ಮನೆಗೆ ಕಳಿಸಿದರು. ನಗು ಬಂತು, ಆಮೇಲೆ ನನ್ನ ರಿಜಿಸ್ಟರನ್ನೂ ಒಮ್ಮೆ ತೆಗೆದು ನೋಡಿಕೊಂಡೆ. ನಮ್ಮದೆಲ್ಲ ಹಂಗಾಮಿ ನೌಕರಿ.

ಆದರೆ ಈ ಸಾಯಬಣ್ಣನ ಬಗ್ಗೆ ಅಂಥ ಮಾತು ಯಾರೂ ಆಡುವ ಹಾಗಿಲ್ಲ. ಶಹಾಬಾದಿನ ಖಣಿ ಗಲ್ಲಿಯಲ್ಲಿ ಮೂರು ವರ್ಷದಿಂದ ನಾನು ಒಂದು ಸರದಿಯನ್ನೂ ತಪ್ಪಿಸಿಲ್ಲ. ಇವತ್ತು ಎಂಬತ್ತಮೂರು ಮನೆ ಮುಗಿಸಿದೆ. ನಲವತ್ತೊಂದನೇ ಮನೆಗೆ ಗೋಣಿತಟ್ಟಿನ ಪರದೆ ಇದೆ. ಗಂಡಸರಿಲ್ಲದ ಮುಸಲ್ಮಾನರ ಮನೆ, ಒಳಗೆ ಹೋಗುವಂತಿಲ್ಲ. ನಾನೂ ಸೈಕಲ್ಲಿನಿಂದ ಇಳಿಯುವುದಿಲ್ಲ. ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ಕಟ್ಟೆಯ ಮೇಲೆ. "ಜ್ವರ ಯಾರಿಗರ ಅದಾವೇನ್ರಿ?" ಅನ್ನುತ್ತೇನೆ. "ಬುಖಾರ ಗಿಖಾರ ಏನಿಲ್ಲ ಬಾಬಾ, ನಡಿ" ಎಂದು ಒಳಗಿನಿಂದ ಮುದುಕಿಯ ದನಿ. ಅಲ್ಲಿಂದಲೇ ಕೈ ಚಾಚಿದರೆ ಚೌಕ ಸಿಗುತ್ತದೆ. ಇಂಥ ಮನೆ ಹತ್ತಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು.

ಆಫೀಸಿನ ಡೈರಿ ಬೇರೆ ಇದೆ. ಅದರಲ್ಲಿ ಮೈಲಿ, ಮನೆ, ಗುಳಿಗೆ ಇಷ್ಟೇ. ಇದು ನನ್ನದು. ನನ್ನ ಗೊಣಗಾಟ ಕೇಳಿ ಕೇಳಿ ಹೆಂಡತಿ ಸೂಗಮ್ಮನಿಗೆ ಬೇಸರ ಬಂದಿದೆ, ಈ ವಹಿ ಪಾಪ ಏನೂ ಅನ್ನುವುದಿಲ್ಲ.

೧೩ ಜುಲೈ, ಸೋಮವಾರ

ಮೂರು ದಿನ ಹಿಡಿದ ಮಳೆ. ಖಣಿ ಗಲ್ಲಿಯ ಕೊನೆಯ ಮನೆಯ ಹಿಂಗೋಡೆ ಬಿದ್ದು, ಮಾಳಿಗೆಗೆ ಹೊದಿಸಿದ್ದ ಪರಸಿಕಲ್ಲಿನ ಚಪ್ಪಡಿ ಕೆಳಗೆ ಬಂದು ಒಬ್ಬ ಮುದುಕ ಸತ್ತ. ಒಬ್ಬನೇ ಇದ್ದ. ಬಿದ್ದದ್ದು ಯಾವಾಗ, ಸತ್ತದ್ದು ಯಾವಾಗ, ಯಾರಿಗೂ ತಿಳಿಯದು. ವಾಸನೆ ಬಂದ ಮೇಲೆ ಜನ ನೋಡಿದರು. ಅವನ ಗೋಡೆಯ ಮೇಲೂ ನನ್ನ ಏಳನೇ ತಾರೀಖಿನ ಸಹಿ ಇತ್ತು. ಅವತ್ತು ಅವನು ಚೆನ್ನಾಗಿಯೇ ಇದ್ದ, ತಂಬಾಕು ಕೇಳಿದ್ದ.

ಡಾಕ್ಟರ್ ಸಾಹೇಬರು ಬೆಂಕಿಯಾಗಿದ್ದರು. ಖಣಿಯ ದಂಡೆಯ ಮನೆಗಳೆಲ್ಲ ಕಲ್ಲು ಒಡೆಯಲು ಮದ್ದಿಟ್ಟು ಸುರಂಗ ಹಾರಿಸಿ ಹಾರಿಸಿ ಬಿರುಕು ಬಿಟ್ಟಿವೆ, ನೋಡುವವರಿಲ್ಲದ ಮುದುಕರನ್ನು ದೊಡ್ಡ ಮಳೆಗೆ ಮೊದಲು ಅಲ್ಲಿಂದ ತೆಗೆಯಲೇಬೇಕು, ಒಪ್ಪಿದರೂ ಸರಿ ಒಪ್ಪದಿದ್ದರೂ ಸರಿ ಎಂದು ಹುಕುಂ ತಂದಿದ್ದಾರೆ. ಗುಲ್ಬರ್ಗಾದಲ್ಲಿ ದಿಕ್ಕಿಲ್ಲದವರ ಆಶ್ರಮವೊಂದಿದೆ, ಅಲ್ಲಿಗೆ ಸಾಗಿಸುವುದಂತೆ. ಯಾರು ಯಾರು, ಎಷ್ಟು ಜನ? ಇನ್‌ಸ್ಪೆಕ್ಟರ್ ಗುರುಲಿಂಗಯ್ಯನವರು ನನ್ನ ಕಡೆ ಬೆರಳು ಮಾಡಿದರು. "ಈತನ ರಿಜಿಸ್ಟರ್‌ನ್ಯಾಗ ಎಲ್ಲಾ ಅದ ಸಾಹೇಬ್ರ. ಗಲ್ಲಿಯ ನಾಯಿನೂ ಬಿಟ್ಟಿಲ್ಲ."

ಕುರ್ಚಿ ಹಾಕಿಸಿ ಕೂಡಿಸಿದರು. ಹತ್ತು ನಿಮಿಷದಲ್ಲಿ ಪಟ್ಟಿ ಬರೆದು ಕೊಟ್ಟೆ. ಏಳು ಜನ. ಐದನೆಯದು: ಮನೆ ೪೧, ಜಾನಬಿ, ಗಂಡ ಬಂದೇಅಲಿ (ಮೃತ), ವಯಸ್ಸು ೬೫, ಮನೆಯಲ್ಲಿ ಜನ ೧, ವಾರಸುದಾರರು ಇಲ್ಲ. ಏಳು ಹಾಸಿಗೆಗೆ ಸಾಹೇಬರು ಅಲ್ಲೇ ಕಾಗದ ಬರೆಸಿದರು. ನನಗೆ ಅವರ ಕೋಣೆಯಲ್ಲೇ ಚಹಾ ಬಂತು. ಸೂಗಮ್ಮನಿಗೆ ಹೇಳಿದರೆ, "ಚಹಾಕ್ಕ ಇಷ್ಟ ಉಬ್ಬಿದ್ರ, ಊಟ ಹಾಕಿದ್ರ ಏನ್ ಆಗ್ತಿದ್ರಿ?" ಅಂದಳು.

೨೧ ಜುಲೈ, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸರದಿಯ ದಿನವೇ ನೋಟಿಸು ಮುಟ್ಟಿಸುವ ಕೆಲಸವೂ ಬಿತ್ತು. ನಾಲ್ಕು ಮನೆ ಮುಗಿಸಿ ನಲವತ್ತೊಂದಕ್ಕೆ ಬಂದೆ. ಪರದೆಯ ಹೊರಗೆ ನಿಂತು ಗಟ್ಟಿಯಾಗಿ ಓದಿದೆ. ಮನೆ ಅಪಾಯದಲ್ಲಿದೆ, ಸರ್ಕಾರ ನಿಮ್ಮನ್ನು ಒಳ್ಳೆಯ ಜಾಗಕ್ಕೆ ಕರೆದೊಯ್ಯುತ್ತದೆ, ಬಟ್ಟೆಬರೆ ಕಟ್ಟಿಕೊಂಡು ತಯಾರಿರಬೇಕು. ಒಳಗೆ ಸದ್ದಿಲ್ಲ. ಮತ್ತೊಮ್ಮೆ ಓದಿದೆ. ಆಗ ಒಳಗಿನಿಂದ ನರಳುವ ದನಿ ಬಂತು. ಮೂರು ವರ್ಷ ಕೇಳಿದ ದನಿ ಅದಲ್ಲ. ಇದು ಬೇರೆ.

ಪರದೆ ಎತ್ತಿದೆ. ಎತ್ತಬಾರದಿತ್ತೋ ಏನೋ, ಎತ್ತಿದೆ.

ಕತ್ತಲೆ ಕೋಣೆ. ಹಿಂಗೋಡೆ ಹೊಟ್ಟೆ ಬಿಟ್ಟು ಮುಂದಕ್ಕೆ ಬಾಗಿದೆ. ಮೇಲೆ ಎರಡು ಪರಸಿಕಲ್ಲುಗಳ ನಡುವೆ ಕೈ ಹಿಡಿಯುವಷ್ಟು ಸಂದು. ಅದರ ಕೆಳಗೆ ಹಳೇ ಸೀರೆಯೊಂದನ್ನು ನಾಲ್ಕೂ ಮೂಲೆಗೆ ಕಟ್ಟಿದ್ದಾರೆ, ಸುರಂಗ ಹಾರಿದಾಗ ಉದುರುವ ಮಣ್ಣು ಬೀಳದಿರಲಿ ಎಂದು. ಆ ಸೀರೆಯ ಕೆಳಗೆ ಕೌದಿಯ ಮೇಲೆ ಒಬ್ಬ ಮುದುಕಿ ಮಲಗಿದ್ದಾಳೆ. ಅವಳ ತಲೆಯ ಹತ್ತಿರ ಇನ್ನೊಬ್ಬಳು ಕೂತಿದ್ದಾಳೆ. ಕೂತವಳು ಸೆರಗು ಎಳೆದುಕೊಂಡು, "ಹೊರಗ ನಡಿ ಬಾಬಾ" ಅಂದಳು. ನನ್ನ ಪರಿಚಯದ ದನಿ ಇವಳದು.

"ಈಕಿ ಯಾರ?" ಅಂದೆ.

"ನಮ್ಮ ಆಪಾ, ಅಕ್ಕ. ಸರ್ವರಬೇಗಂ. ನನ್ನ ಮಾಲಕರ ದೊಡ್ಡ ಹೇಣ್ತಿ."

"ಯಾವಾಗ ಬಂದಾಳ?"

"ಎಲ್ಲಿಂದ ಬರ್ತಾಳ? ಈ ಮನಿಗೆ ಮದಲ ಬಂದಾಕಿನೇ ಆಕಿ. ನನ್ನ ತವರೂರು ಗುಂಡಗುರ್ತಿಗಿ ಬಂದು ನನ್ನ ನೋಡಿ, ಪಸಂದ ಮಾಡಿ ತನ್ನ ಗಂಡಗ ತಂದಾಕಿನೂ ಆಕಿನೇ."

ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದಿದೆಯಂತೆ, ಆಗಿನಿಂದ ಹಾಸಿಗೆಯೇ. ನಾನು ಕೂಗಾಡಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ, ಸರ್ಕಾರಕ್ಕೆ ಸುಳ್ಳು ಹೇಳುತ್ತೀರಾ ಎಂದೆಲ್ಲ. ಜಾನಬಿ ದನಿ ಏರಿಸಲಿಲ್ಲ. "ಸುಳ್ಳ ಎಲ್ಲಿ ಹೇಳೀನಿ? ಜ್ವರ ಅದಾವೇನ ಅಂದಿ, ಇಲ್ಲ ಅಂದೆ. ಆವಾಗ ಇದ್ದಿದ್ದಿಲ್ಲ. ಮನ್ಯಾಗ ಎಷ್ಟ ಮಂದಿ ಅದೀರಿ ಅಂತ ನೀ ಎಂದರ ಕೇಳೀಯೇನ?"

ಕೇಳಿಲ್ಲ. ನನಗಿಂತ ಮೊದಲಿದ್ದವನ ರಿಜಿಸ್ಟರಿನಲ್ಲಿ ಒಂದು ಎಂದಿತ್ತು. ಮೂರು ವರ್ಷವೂ ಒಂದೆಂದೇ ನಕಲು ಮಾಡಿದೆ. ಪಕ್ಕದ ಮನೆಯ ರಹೀಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಡೀ ಗಲ್ಲಿಗೆ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮಲಗಿದವಳ ಹಣೆ ಮುಟ್ಟಿದೆ, ಕೆಂಡ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದೆ. ಹೆಸರು ಬರೆಯಲು ಚೀಟಿ ತೆಗೆದಾಗ ಜಾನಬಿ ನನ್ನ ಕೈ ಹಿಡಿದಳು. "ಆಕಿ ಹೆಸರ ಬರೀಬ್ಯಾಡ ಬೇಟಾ. ಹದಿನಾಕ ವರ್ಷದ ಹಿಂದ ವಾಂತಿಭೇದಿ ಬಂದಾಗ ನಿಮ್ಮಂಥವರೇ ಬಂದು ನಮ್ಮ ಮಾಲಕರ ಹೆಸರ ಬರಕೊಂಡು ಗಾಡಿನ್ಯಾಗ ಒಯ್ದರು. ಮಣ್ಣೂ ನಮಗ ಸಿಗಲಿಲ್ಲ."

ಚೀಟಿಯ ಮೇಲೆ ಜಾನಬಿ ಎಂದು ಬರೆದೆ. ಅವಳು ಬೇಡಿಕೊಂಡಳೆಂದೇ ಬರೆದದ್ದು.

೨೨ ಜುಲೈ, ಬುಧವಾರ

ಮೇಲಿನದನ್ನು ಓದಿದೆ. ಅವಳು ಬೇಡಿಕೊಂಡದ್ದು ನಿಜ. ಬೇಡಿಕೊಳ್ಳದಿದ್ದರೂ ಹಾಗೇ ಬರೆಯುತ್ತಿದ್ದೆನೋ ಏನೋ. ಸರ್ವರಬೇಗಂ ಎಂದು ಬರೆದರೆ, ಈಕೆ ಯಾರು, ಮೂರು ವರ್ಷ ನಿನ್ನ ರಿಜಿಸ್ಟರಿನಲ್ಲಿ ಎಲ್ಲಿದ್ದಳು ಎಂದು ಸಾಹೇಬರು ಕೇಳುತ್ತಾರೆ. ದಸ್ತಗೀರನಾದರೂ ಮೂರು ಸರದಿ ತಪ್ಪಿಸಿದ. ನಾನು ಎಪ್ಪತ್ತು ಸಲ ಹೋಗಿಯೂ ಹೋಗಿಲ್ಲ.

ಜ್ವರ ಇಳಿದರೆ ಎಲ್ಲ ಸರಿಹೋಗುತ್ತದೆ. ಗುಳಿಗೆ ಕೊಟ್ಟು ಬಂದಿದ್ದೇನೆ.

೨೭ ಜುಲೈ, ಸೋಮವಾರ

ರಕ್ತದ ಫಲಿತಾಂಶ ಬಂತು. ಮಲೇರಿಯಾ ಇದೆ. ನನ್ನ ಗಲ್ಲಿಯಲ್ಲಿ ವರ್ಷವಿಡೀ ಇದೇ ಮೊದಲು. ಗುರುಲಿಂಗಯ್ಯನವರು ಪಟ್ಟಿಯಲ್ಲಿ ಜಾನಬಿಯ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. "ಮುದುಕಿಗಿ ಏಳ್ಳಿಕ್ಕ ಆಗ್ತದೇನು?" ಅಂದರು. ಇಲ್ಲ ಅಂದೆ. ಅದು ನಿಜವೇ, ಹಾಸಿಗೆಯಲ್ಲಿರುವವಳು ಏಳಲಾರಳು. "ಹಂಗಾದ್ರ ಆಕಿನ್ನೇ ಮದಲ ಕಳಿಸೋಣು. ಜೋಳಿಗಿನ್ಯಾಗ ಹೊತಗೊಂಡ ಹೋಗಾದು" ಅಂದರು. ನಾನು ತಲೆ ಆಡಿಸಿದೆ.

ದಿನಾ ಗುಳಿಗೆ ನುಂಗಿಸಲು ಹೋಗುತ್ತಿದ್ದೇನೆ. ನುಂಗಿದ್ದನ್ನು ಕಣ್ಣಾರೆ ನೋಡಬೇಕೆಂದು ನಿಯಮವಿದೆ. ಬರಿಹೊಟ್ಟೆಗೆ ಗುಳಿಗೆ ಕೊಟ್ಟರೆ ವಾಂತಿ ಆಗುತ್ತದೆ, ಅದಕ್ಕೇ ಸೂಗಮ್ಮನಿಗೆ ಹೇಳಿ ಎರಡು ಮೆತ್ತನೆ ರೊಟ್ಟಿ, ಪುಂಡಿಪಲ್ಯದ ರಸ ಕಟ್ಟಿಸಿಕೊಂಡು ಹೋದೆ. "ಇದೂ ಸರ್ಕಾರಿ ಕೆಲಸಾ ಏನ್ರಿ?" ಅಂದಳು. ಸರ್ಕಾರಿ ಕೆಲಸವೇ.

ಮುದುಕಿಯ ಬೆನ್ನಿಗೆ ಹುಣ್ಣಾಗಿವೆ. ಜಾನಬಿ ಬೇವಿನೆಲೆ ಕುದಿಸಿ ತೊಳೆಯುತ್ತಾಳೆ. ಒಬ್ಬಳೇ ಹೊರಳಿಸಲು ಆಗುವುದಿಲ್ಲ, ನಾನು ಮುಖ ಆ ಕಡೆ ಮಾಡಿ ಹೆಗಲು ಹಿಡಿದೆ. ತೂಕವೇ ಇಲ್ಲ. ಮಧ್ಯಾಹ್ನ ಖಣಿಯ ಸೀಟಿ ಊದಿತು. ಸುರಂಗ ಹಾರಿದಾಗ ಹಿಂಗೋಡೆ ಅಲ್ಲಾಡಿದ್ದನ್ನು ನಾನೇ ನೋಡಿದೆ. ಸೀರೆಯ ಮೇಲೆ ಮಣ್ಣು ಸುರಿಯಿತು. ನಾನು ಓಡಿ ಹೊರಗೆ ಬಂದೆ. ಅವರಿಬ್ಬರೂ ಅಲ್ಲೇ ಇದ್ದರು.

೩೦ ಜುಲೈ, ಗುರುವಾರ

ಜ್ವರ ಇಳಿದಿತ್ತು. ಜಾನಬಿ ಕೌದಿ ಹೊಲಿಯುತ್ತಾಳೆ, ಗಲ್ಲಿಯವರು ಹಳೇ ಬಟ್ಟೆ ಕೊಡುತ್ತಾರೆ, ಅದರ ಮೇಲೇ ಇಬ್ಬರ ಹೊಟ್ಟೆ. ಅವಳಿಗೆ ಹತ್ತಿರದ್ದು ಕಾಣುವುದಿಲ್ಲ. ನೂಲು ಮುಗಿದಾಗಲೆಲ್ಲ ಸೂಜಿಯನ್ನು ಆಪಾನ ಕೈಗೆ ಕೊಡುತ್ತಾಳೆ. ಆಕೆ ಮಲಗಿದಲ್ಲೇ ಬಾಗಿಲ ಬೆಳಕಿಗೆ ಸೂಜಿ ಹಿಡಿದು, ನೂಲು ತುಟಿಯಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸುತ್ತಾಳೆ. ಒಬ್ಬಳಿಗೆ ಕಾಲಿಲ್ಲ, ಒಬ್ಬಳಿಗೆ ಕಣ್ಣಿಲ್ಲ.

"ಒಂದ ಗಂಡಗ ಇಬ್ಬರು, ಜಗಳ ಇದ್ದಿಲ್ಲೇನ?" ಎಂದು ಕೇಳಿದೆ. ಸರ್ವರಬೇಗಂ ಮೊದಲ ಸಲ ನನ್ನ ಜೊತೆ ಮಾತಾಡಿದಳು. "ಭಾಳ ಇತ್ತು. ಮನಿಗಿ ತಂದ ಮ್ಯಾಲ, ಆತ ಇರೋತನಾ ಈಕಿ ಮಾರಿ ನೋಡಿದ್ದಿಲ್ಲ ನಾ." ಇಬ್ಬರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಾಗ ಹೊತ್ತಾಗಿತ್ತು.

೩ ಆಗಸ್ಟ್, ಸೋಮವಾರ

ಜ್ವರ ತಿರುಗಿ ಬಂತು. ಈ ಸಲ ಮಾತು ತಪ್ಪುತ್ತಿದೆ, ನನ್ನನ್ನು ಬಂದೇಅಲಿ ಎಂದು ಕರೆದಳು. ಗುರುವಾರ ಜೀಪು ಬರುತ್ತದೆ. ಏಳು ಜನ, ಏಳು ಹಾಸಿಗೆ.

ಡಾಕ್ಟರ್ ಸಾಹೇಬರಿಗೆ ಹೇಳಿಬಿಡೋಣ ಎಂದು ಹೋಗಿ ಬಾಗಿಲ ಹೊರಗೆ ನಿಂತೆ. ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಅಷ್ಟರಲ್ಲಿ ಗುರುಲಿಂಗಯ್ಯನವರು ಒಬ್ಬ ಹೊಸಬನನ್ನು ಕರೆದುಕೊಂಡು ಬಂದರು. "ನೋಡು ಸಾಯಬಣ್ಣ, ದಸ್ತಗೀರನ ಜಾಗಾಕ್ಕ ಬಂದಾನ. ಕೆಲಸ ಅಂದ್ರ ಹ್ಯಾಂಗ ಮಾಡಬೇಕು, ನಿನ್ನ ಜೋಡಿ ನಾಕ ದಿನ ಅಡ್ಡಾಡಿ ಕಲೀಲಿ." ಹೊಸಬ ನನಗೆ ಕೈಮುಗಿದ. ನಾನು ತಿರುಗಿ ಬಂದೆ. ಹೇಡಿ. ಹೇಡಿ ಅಲ್ಲದೆ ಇನ್ನೇನು.

ಜಾನಬಿಗೆ ಹೇಳಿದೆ, ಆಪಾನನ್ನು ನಿನ್ನ ಹೆಸರಿನ ಮೇಲೆ ಕಳಿಸೋಣ, ಅಲ್ಲಿ ಡಾಕ್ಟರ್ ಇದ್ದಾರೆ, ಸೂಜಿಮದ್ದು ಕೊಡುತ್ತಾರೆ, ವಾಸಿಯಾದ ಮೇಲೆ ನಾನೇ ಕರೆತರುತ್ತೇನೆ. ಜೀಪು ಬಂದಾಗ ನೀನು ರಹೀಮಾಳ ಮನೆಯಲ್ಲಿರು. ಅವಳು ಆಪಾನ ಬಾಯಿಯ ಹತ್ತಿರ ಕಿವಿ ಇಟ್ಟು ಉಸಿರು ಕೇಳಿದಳು.

"ಕರಕೊಂಡ ಬರ್ತಿ?"

"ಬರ್ತೀನಿ."

"ನಿನ್ನ ದೇವರ ಆಣಿ ಹಾಕು."

ಹಾಕಿದೆ.

೬ ಆಗಸ್ಟ್, ಗುರುವಾರ

ಜೀಪು ಹತ್ತು ಗಂಟೆಗೆ ಬಂತು. ಆಯಾ ಭೀಮಮ್ಮ, ಇಬ್ಬರು ಆಳು, ಗುರುಲಿಂಗಯ್ಯನವರು. ಮೊದಲಿನ ನಾಲ್ವರಲ್ಲಿ ಒಬ್ಬ ಮುದುಕ ಕಂಬ ಹಿಡಿದುಕೊಂಡು ಬಿಡಲಿಲ್ಲ, ಬೆರಳು ಬಿಡಿಸಿ ಒಯ್ದರು. ನಾನೂ ಒಂದು ಬೆರಳು ಬಿಡಿಸಿದೆ.

ನಲವತ್ತೊಂದರಲ್ಲಿ ಸರ್ವರಬೇಗಂಳನ್ನು ಕೌದಿ ಸಮೇತ ಎತ್ತಿದರು. ಹೊರಗಿನ ಬೆಳಕಿಗೆ ಆಕೆ ಕಣ್ಣು ಮುಚ್ಚಿಕೊಂಡಳು. ಎರಡು ವರ್ಷದ ಮೇಲೆ ಬಿಸಿಲು. ಭೀಮಮ್ಮ ಪಟ್ಟಿ ಹಿಡಿದುಕೊಂಡು, "ಹೆಸರ ಹೇಳ್ರಿ ಅಮ್ಮಾ" ಅಂದಳು. ಯಾವ ಹೆಸರು ಹೇಳಬೇಕೆಂದು ಸರ್ವರಬೇಗಂಗೆ ನಾನು ಹೇಳಿಕೊಟ್ಟಿರಲಿಲ್ಲ, ಅವಳಿಗೆ ಎಚ್ಚರವೇ ಇಲ್ಲ ಅಂದುಕೊಂಡಿದ್ದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ರಹೀಮಾಳ ಮನೆಯ ಬಾಗಿಲ ಕಡೆ ನೋಡಿದಳು. "ಜಾನಬಿ" ಅಂದಳು. ಚೆನ್ನಾಗಿ ಕೇಳುವಂತೆ ಹೇಳಿದಳು.

ಸಂಜೆಗೇ ಆಳುಗಳು ಬಂದು ಮಾಳಿಗೆಯ ಕಲ್ಲು ಇಳಿಸಿದರು. ಖಾಲಿಯಾದ ಮನೆಗೆ ಯಾರೂ ಮತ್ತೆ ನುಗ್ಗಬಾರದಂತೆ. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಜಾನಬಿ ರಹೀಮಾಳ ಕಟ್ಟೆಯ ಮೇಲೆ ಕೂತು ನೋಡಿದಳು. ಎಲ್ಲ ಮುಗಿದ ಮೇಲೆ ಎದ್ದು ಹೋಗಿ ಬಾಗಿಲ ಗೂಟದಿಂದ ಪರದೆ ಬಿಚ್ಚಿ ಮಡಚಿಕೊಂಡಳು. ರಹೀಮಾಳ ಮನೆಯಲ್ಲಿ ಒಂಬತ್ತು ಜನ, ಒಂದು ಕೋಣೆ. ಅವಳನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ.

ಸೂಗಮ್ಮ ಬಾಗಿಲಲ್ಲೇ ನಿಂತಳು. "ಒಂದೆರಡ ದಿನ" ಅಂದೆ. ಹಿಂದಿನ ಪಡಸಾಲೆ ತೋರಿಸಿದಳು. ಬೇರೆ ತಟ್ಟೆ ಇಟ್ಟಳು, ಬೇರೆ ಲೋಟ ಇಟ್ಟಳು. ಜಾನಬಿ ಮೊದಲು ಮಾಡಿದ್ದೆಂದರೆ ಪಡಸಾಲೆಗೆ ಅಡ್ಡ ಪರದೆ ಕಟ್ಟಿದ್ದು.

೧೨ ಆಗಸ್ಟ್, ಬುಧವಾರ

ಮುಂಜಾನೆ ಚಹಾ ಕೊಡುವಾಗ ಒಮ್ಮೆ, ಸಂಜೆ ಸೈಕಲ್ ನಿಲ್ಲಿಸುವಾಗ ಒಮ್ಮೆ. "ಇವತ್ತ ಹೋಗ್ತಿ?" ಜಾನಬಿ ಇಷ್ಟೇ ಕೇಳುತ್ತಾಳೆ, ಆಪಾನನ್ನು ಕರೆತರಲು.

ಗುಲ್ಬರ್ಗಾಕ್ಕೆ ಹೋಗಿ ಬಂದ ಭೀಮಮ್ಮನನ್ನು ಉಪಾಯವಾಗಿ ಕೇಳಿದೆ. ಅಲ್ಲಿ ಸೇರಿಸಿಕೊಂಡವರನ್ನು ವಾರಸುದಾರರು ಬಂದು ಬರೆದು ಕೊಟ್ಟರಷ್ಟೇ ಬಿಡುತ್ತಾರಂತೆ. ಜಾನಬಿಗೆ ವಾರಸುದಾರರು ಇಲ್ಲ. ನಾನೇ ಬರೆದದ್ದು, ನನ್ನದೇ ಅಕ್ಷರ.

ಸೂಗಮ್ಮ ಜಾನಬಿಗೆ ಸೂಜಿ ಪೋಣಿಸಿ ಕೊಡುತ್ತಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

೧೮ ಆಗಸ್ಟ್, ಮಂಗಳವಾರ

ಸರದಿ. ನಲವತ್ತೊಂದರ ಜಾಗದಲ್ಲಿ ಮುಂದಿನ ಗೋಡೆಯೊಂದೇ ನಿಂತಿದೆ, ಅದರ ಮೇಲೆ ನನ್ನ ಸಹಿಗಳು, ಒಂದರ ಕೆಳಗೆ ಒಂದು. ಎಷ್ಟು ಅಂದವಾಗಿ ಮಾಡುತ್ತಿದ್ದೆ. ಹೊಸಬ, "ಇಲ್ಲಿ ಏನ್ ಬರೀಬೇಕ್ರಿ?" ಅಂದ. ನಾನು ಗೋಡೆ ನೋಡುತ್ತ ನಿಂತಿದ್ದೆ.

೨೨ ಆಗಸ್ಟ್, ಶನಿವಾರ

ಹೇಳಿದೆ.

ನಿನ್ನೆ ಸಂಜೆ ಜಾನಬಿ ಯಾವತ್ತಿನಂತೆ ಕೇಳಲಿಲ್ಲ. ಪರದೆಯಾಚೆ ಸುಮ್ಮನೆ ಕೂತಿದ್ದಳು. ಕೇಳುವುದಕ್ಕಿಂತ ಅದನ್ನೇ ತಡೆಯಲಾಗಲಿಲ್ಲ. ಇವತ್ತು ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಪರದೆ, ಚೀಟಿ, ಹೆಸರು, ಜೀಪು, ನನ್ನ ಮನೆಯ ಪಡಸಾಲೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟು ಕಣ್ಣು ಒತ್ತಿಕೊಂಡರು.

"ಒಂದ ಚೀಟಿ ಬರೀಬೇಕಿತ್ತು ಸಾಯಬಣ್ಣ. ಏಳಲ್ಲ, ಎಂಟು ಅಂತ. ಎಂಟ ಹಾಸಗಿ ಕೇಳ್ತಿದ್ದೆ, ಕೊಡ್ತಿದ್ದರು. ಇಬ್ಬರನ್ನೂ ಬಾಜು ಬಾಜೂಕ ಹಾಕಸ್ತಿದ್ದೆ."

"ನೌಕರಿ ಹೋಗ್ತದ ಅಂತ..."

"ಬೈತಿದ್ದೆ. ಬೈದು ಮರೀತಿದ್ದೆ. ಗೋಣಿತಟ್ಟಿನ ಹಿಂದ ಹೆಂಗಸರು ಎಷ್ಟ ಮಂದಿ ಅದಾರ ಅಂತ ನನಗರ ಏನ್ ಗೊತ್ತಾಗ್ತಿತ್ತು? ಆದ್ರ ಹೆಸರ ಬದಲಿ ಮಾಡಿ ರಕ್ತ ಕಳಿಸಿದಿ. ಅದನ್ನ ಮರೀಲಿಕ್ಕ ಬರಂಗಿಲ್ಲ."

ಎರಡು ಕಾಗದ ಬರೆಸಿದರು. ಒಂದು ಗುಲ್ಬರ್ಗಾಕ್ಕೆ, ಈ ಹೆಂಗಸನ್ನೂ ಸೇರಿಸಿಕೊಳ್ಳಿ ಎಂದು. ಇನ್ನೊಂದು ನನ್ನ ಬಗ್ಗೆ. ಒಂದು ಚೀಟಿ! ಇಷ್ಟು ದಿನ ನಾನು ಹೊತ್ತುಕೊಂಡು ತಿರುಗಿದ್ದು ಒಂದು ಚೀಟಿಯಲ್ಲಿ ಮುಗಿಯುತ್ತಿತ್ತು. ಬರುವಾಗ ಸೈಕಲ್ ತಳ್ಳಿಕೊಂಡೇ ಬಂದೆ.

ಜಾನಬಿಗೆ ಸೋಮವಾರ ಹೋಗೋಣ ಅಂದೆ. ಅವಳು ಕಟ್ಟಿಟ್ಟ ಗಂಟು ಬಿಚ್ಚಿ, ಆಪಾಗೆಂದು ಹೊಲಿದ ಹೊಸ ಕೌದಿ ಸೂಗಮ್ಮನಿಗೆ ತೋರಿಸಿದಳು. ಮೆತ್ತಗಿದೆ, ಹುಣ್ಣಿಗೆ ಒತ್ತುವುದಿಲ್ಲ.

೨೪ ಆಗಸ್ಟ್, ಸೋಮವಾರ

ರೈಲಿನಲ್ಲಿ ಅವಳು ಕಿಟಕಿಯ ಹತ್ತಿರ ಕೌದಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಮಾತಾಡಿದಳು. ಇಷ್ಟು ಮಾತಾಡಿದ್ದು ನಾನು ನೋಡಿರಲಿಲ್ಲ.

ಆಶ್ರಮದ ಗುಮಾಸ್ತ ಕಾಗದ ಓದಿ, ವಹಿ ತೆಗೆದು, ಬೆರಳಿಟ್ಟು ಇಳಿದ. "ಜಾನಬಿ, ಶಹಾಬಾದ. ಆಕಿ ಹತ್ತೊಂಬತ್ತನೇ ತಾರೀಖ ತೀರಿಕೊಂಡಳಲ್ರಿ. ವಾರಸುದಾರರು ಇಲ್ಲ ಅಂತಿತ್ತು, ಇಲ್ಲಿ ಜಮಾತಿನವರೇ ಮಣ್ಣ ಮಾಡಿದರು."

ಜಾನಬಿ ಅವನ ಮೇಜಿನ ಹತ್ತಿರ ಹೋಗಿ, "ನಾ ಜಾನಬಿ" ಅಂದಳು. ಅವನು ನನ್ನ ಮುಖ ನೋಡಿದ.

ಅಲ್ಲಿ ನೋಡಿಕೊಳ್ಳುವ ಹೆಂಗಸೊಬ್ಬಳು ನಮ್ಮನ್ನು ಒಳಗೆ ಕರೆದೊಯ್ದು ಹಾಸಿಗೆ ತೋರಿಸಿದಳು. ಅದರ ಮೇಲೆ ಆಗಲೇ ಬೇರೆಯವರಿದ್ದರು. ಒಳ್ಳೆಯವಳು, ತಾನೇ ಹೇಳಿದಳು. "ಕಡೀಕ ಜ್ವರ ಇದ್ದಿಲ್ಲವಾ. ಊಟ ಬಿಟ್ಟಳು. ದಿನಾ ಸೂಜಿ ಕೇಳೋಳು. ಸೂಜಿ ನೂಲು ಕೊಡ್ರಿ ಅಂತ. ಎದಕ ಬೇಕು ಅಂದ್ರ, ಜಾನಬಿಗಿ ಕಣ್ಣ ಕಾಣಂಗಿಲ್ಲ, ಪೋಣಿಸಿ ಇಡ್ತೀನಿ ಅನ್ನೋಳು. ತನ್ನ ಹೆಸರ ತಾನೇ ಹೇಳಕತ್ತಾಳ, ತಲಿ ಕೆಟ್ಟದ ಪಾಪ, ಅಂತ ನಾವು ಕೊಡಲಿಲ್ಲ. ಚುಚ್ಚಿಕೊಂಡಾಳು ಅಂತ."

ಜಾನಬಿ ನೆಲದ ಮೇಲೆ ಕೂತಳು. ಅಳಲಿಲ್ಲ. ನಾನು ಅತ್ತೆ. ಆಶ್ರಮದ ಅಂಗಳದಲ್ಲಿ, ಅಷ್ಟು ಜನರ ಎದುರಿಗೆ, ಬಾಯಿ ತೆರೆದು ಅತ್ತೆ. ಹದಿನೆಂಟರಂದು ನಾನು ಗೋಡೆ ನೋಡುತ್ತ ನಿಂತಿದ್ದೆ. ಆಗ ಅವಳು ಇದ್ದಳು. ಸೂಜಿ ಕೇಳುತ್ತಿದ್ದಳು.

ಗೋರಿಯ ತಲೆಕಡೆ ಸಣ್ಣ ಪರಸಿಕಲ್ಲು ನಿಲ್ಲಿಸಿ ಮಸಿಯಲ್ಲಿ ಹೆಸರು ಬರೆದಿದ್ದಾರೆ. ನಮ್ಮ ಶಹಾಬಾದಿನದೇ ಕಲ್ಲು. ನಾನು ಓದಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೌದಿಯನ್ನು ಮಣ್ಣಿನ ಮೇಲೆ ಹಾಸಿ, ಮೂಲೆಗಳನ್ನು ಸರಿ ಮಾಡಿ, ಕೈ ಎತ್ತಿ ದುವಾ ಓದಿದಳು. ಮುಗಿದ ಮೇಲೆ, "ನನ್ನ ಹೆಸರಿಲೆ ಮಕ್ಕೊಂಡಾಳ. ಇರಲಿ. ನನಗೂ ಜಾಗಾ ಅದ ಅಂದಂಗಾತು" ಅಂದಳು.

ಅಲ್ಲಿ ಇರುತ್ತೀಯಾ, ಸಾಹೇಬರ ಕಾಗದವಿದೆ ಎಂದು ಕೇಳಿದೆ. "ಪರದಿ ನಿಮ್ಮ ಮನ್ಯಾಗ ಅದ" ಅಂದಳು. ಸಂಜೆಯ ರೈಲಿಗೆ ಇಬ್ಬರೂ ತಿರುಗಿ ಬಂದೆವು.

೨೬ ಆಗಸ್ಟ್, ಬುಧವಾರ

ಚೀಲ, ರಿಜಿಸ್ಟರು, ನೀಲಿ ಪೆನ್ಸಿಲು, ಉಳಿದ ಗುಳಿಗೆ, ಎಲ್ಲ ಒಪ್ಪಿಸಿದೆ. ಸಹಿ ಮಾಡಿಸಿಕೊಂಡರು. ಸೂಗಮ್ಮ, "ಖಣಿಯಾಗ ಲೆಕ್ಕ ಬರಿಯೋರು ಬೇಕಂತ" ಅಂದಳು. ಬೈಯುತ್ತಾಳೆ ಎಂದು ಕಾಯುತ್ತಿದ್ದೇನೆ, ಇನ್ನೂ ಬೈದಿಲ್ಲ. ಇವತ್ತು ತಟ್ಟೆಗಳನ್ನು ತೊಳೆದು ಒಟ್ಟಿಗೇ ಬೋರಲು ಹಾಕಿದ್ದಳು. ಯಾವುದು ಯಾರದು ಎಂದು ನನಗೆ ತಿಳಿಯಲಿಲ್ಲ.

೧ ಸೆಪ್ಟೆಂಬರ್, ಮಂಗಳವಾರ

ಮುಂಜಾನೆ ಎದ್ದು ಸೈಕಲ್ ಒರೆಸಿದೆ, ಗಾಳಿ ಹೊಡೆದೆ. ಸೂಗಮ್ಮ, "ಎಲ್ಲಿಗಿ?" ಅಂದಾಗ ನೆನಪಾಯಿತು. ಸರದಿಯ ದಿನ. ಈಗ ಅದು ಹೊಸಬನದು.

ಸೈಕಲ್ ಗೋಡೆಗೆ ಆನಿಸಿ ಹಿಂದಿನ ಪಡಸಾಲೆಗೆ ಹೋದೆ. ಪರದೆಯ ಹೊರಗೆ ನೆಲದ ಮೇಲೆ ಕೂತೆ. ಒಳಗೆ ಬಟ್ಟೆ ಹರಿಯುವ ಸದ್ದು ಬರುತ್ತಿತ್ತು. ಜ್ವರದ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಯವ್ವಾ, ಒಳಗ ಎಷ್ಟ ಮಂದಿ ಅದೀರಿ?"

ಬಟ್ಟೆ ಹರಿಯುವ ಸದ್ದು ನಿಂತಿತು. ಕೇಳಬಾರದಿತ್ತು ಅನ್ನಿಸಿ ಏಳಲು ಹೊರಟೆ.

"ಒಬ್ಬಾಕಿ" ಅಂದಳು.

ಮೂರು ವರ್ಷದಿಂದ ನನ್ನ ರಿಜಿಸ್ಟರಿನಲ್ಲಿ ಇದ್ದದ್ದೂ ಅಷ್ಟೇ.